ಜೇಮ್ಸ್ ಹ್ಯಾರಿಸನ್: 88 ವರ್ಷದ ಬದುಕು, 1,173 ಸಲ ರಕ್ತದಾನ. ಇವರ ಬಗ್ಗೆ ಮಾತಾಡೋಣ

ತುಂಗಾತೀರ

ಜೇಮ್ಸ್ ಹ್ಯಾರಿಸನ್ ಬಗ್ಗೆ ಇಲ್ಲಿ ಒಂದು ಚರ್ಚೆ ಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಆಸ್ಟ್ರೇಲಿಯಾದವರು. 2025ರ ಫೆಬ್ರವರಿ 17ರಂದು, ನ್ಯೂ ಸೌತ್ ವೇಲ್ಸ್‌ನ ಉಮಿನಾ ಬೀಚ್ ಅನ್ನುವ ಊರಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 88. ಸುದ್ದಿ ಬಂದಾಗ ವಾಟ್ಸಾಪ್‌ನಲ್ಲಿ ಒಂದು ಫೋಟೊ, ಎರಡು ಸಾಲು ಓಡಾಡಿದವು. 24 ಲಕ್ಷ ಮಕ್ಕಳ ಜೀವ ಉಳಿಸಿದವರು, ಅವರ ರಕ್ತದಲ್ಲಿ ಅದೇನೋ ವಿಶೇಷ ಇತ್ತು ಅಂತ. ಮಾರನೇ ದಿನ ಎಲ್ಲರೂ ಮರೆತರು.

ರಕ್ತದಲ್ಲಿ ವಿಶೇಷ ಇದ್ದದ್ದು ನಿಜ. ಆದರೆ ಅದು ಪ್ರತಿ ಸಲ ಆ ಮನುಷ್ಯನೇ ಎದ್ದು ಹೋಗಿ ಕೊಟ್ಟದ್ದು. 1954ರಲ್ಲಿ, 18 ತುಂಬುತ್ತಿದ್ದಂತೆ ಶುರು. 2018ರ ಮೇ 11ಕ್ಕೆ ಕೊನೆ, ಆಗ 81 ವರ್ಷ. ಒಟ್ಟು 1,173 ಸಲ. ಲೆಕ್ಕ ಹಾಕಿ ನೋಡಿ, ಸರಾಸರಿ ಮೂರು ವಾರಕ್ಕೊಮ್ಮೆ. ಮದುವೆ, ಮಗಳು, ರೈಲ್ವೆಯ ಗುಮಾಸ್ತಿಕೆ, ನಿವೃತ್ತಿ, ಮೊಮ್ಮಕ್ಕಳು, ಹೆಂಡತಿಯ ಸಾವು, ಎಲ್ಲದರ ನಡುವೆ ಇದು ನಿಲ್ಲಲಿಲ್ಲ. ನನಗೆ ದೊಡ್ಡದು ಅನ್ನಿಸುವುದು ಇದೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹುಟ್ಟಿದ್ದು 1936ರ ಡಿಸೆಂಬರ್ 27, ಜುನೀ ಅನ್ನುವ ಊರು. 14ನೇ ವಯಸ್ಸಿಗೆ ಎದೆಯ ದೊಡ್ಡ ಆಪರೇಷನ್ ಆಯಿತು, ಒಂದು ಶ್ವಾಸಕೋಶ ತೆಗೆದರು. ಮೂರು ತಿಂಗಳು ಆಸ್ಪತ್ರೆವಾಸ. 13 ಯೂನಿಟ್ ರಕ್ತ ಬೇಕಾಯಿತು. ಯಾರೋ ಗುರುತಿಲ್ಲದವರು ಕೊಟ್ಟ ರಕ್ತದಿಂದ ನೀನು ಬದುಕಿದೆ ಅಂತ ಅಪ್ಪ ಹೇಳಿದರಂತೆ. ಅಪ್ಪನೂ ರಕ್ತದಾನಿಯೇ. ದೊಡ್ಡವನಾದ ಮೇಲೆ ನಾನೂ ಕೊಡುತ್ತೇನೆ ಅಂತ ಹುಡುಗ ಆಗಲೇ ತೀರ್ಮಾನ ಮಾಡಿದ. ಆದರೆ ನಿಯಮದ ಪ್ರಕಾರ 18 ತುಂಬಬೇಕು. ಕಾದ.

ಇನ್ನೊಂದು ವಿಷಯ. ಅವರಿಗೆ ಸೂಜಿ ಅಂದರೆ ಭಯ. ಕೊನೆಯವರೆಗೂ ಸೂಜಿ ಚುಚ್ಚುವುದನ್ನು ಒಮ್ಮೆಯೂ ನೋಡಲಿಲ್ಲ. ಸೂರು ನೋಡುತ್ತಿದ್ದರು, ಇಲ್ಲವೇ ನರ್ಸ್ ಜೊತೆ ಮಾತಿಗಿಳಿಯುತ್ತಿದ್ದರು. 1,173ರಲ್ಲಿ 10 ಸಲ ಬಿಟ್ಟರೆ ಉಳಿದೆಲ್ಲ ಬಲಗೈ. ಅದಕ್ಕೇ 'ಚಿನ್ನದ ತೋಳಿನ ಮನುಷ್ಯ' ಅಂತ ಕರೆದರು.

ಬಯಲುಸೀಮೆ

ಒಳ್ಳೆಯ ವಿಷಯ ತೆಗೆದಿರಿ. ಆದರೆ ಎರಡು ಪ್ರಶ್ನೆ ಇವೆ. ವಿಶೇಷ ಅಂದರೆ ನಿಜಕ್ಕೂ ಏನು? ಎರಡನೆಯದು, 1,173 ಸಲ ಕೊಟ್ಟರೆ 24 ಲಕ್ಷ ಮಕ್ಕಳು ಹೇಗೆ? ಒಂದು ಸಲಕ್ಕೆ ಎರಡು ಸಾವಿರ ಮಕ್ಕಳು ಅಂದ ಹಾಗಾಯಿತು. ಅವರ ಮೇಲೆ ಅನುಮಾನ ಅಲ್ಲ, ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ಮೂರು ತಿಂಗಳಿಗೊಮ್ಮೆ ತಾನೇ ರಕ್ತ ಕೊಡುವುದು? ಮೂರು ವಾರಕ್ಕೊಮ್ಮೆ ಹೇಗೆ ಸಾಧ್ಯ?

ಲ್ಯಾಬಿನವಳು

ನಾನು ಬ್ಲಡ್ ಬ್ಯಾಂಕ್‌ನಲ್ಲಿ ಕೆಲಸ ಮಾಡುವವಳು. ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅವರು ಹೆಚ್ಚಾಗಿ ಕೊಟ್ಟದ್ದು ಪ್ಲಾಸ್ಮಾ. ಮಷೀನ್ ರಕ್ತ ತೆಗೆದುಕೊಳ್ಳುತ್ತದೆ, ಹಳದಿ ದ್ರವವನ್ನು ಬೇರೆ ಮಾಡುತ್ತದೆ, ಕೆಂಪು ಕಣಗಳನ್ನು ವಾಪಸ್ ನಿಮ್ಮ ಮೈಗೇ ಬಿಡುತ್ತದೆ. ಪ್ಲಾಸ್ಮಾ ಬೇಗ ತುಂಬಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೊಮ್ಮೆ ಕೊಡಬಹುದು. ಇಡೀ ರಕ್ತ ಕೊಟ್ಟರೆ ಅಲ್ಲಿ 12 ವಾರ ಕಾಯಬೇಕು. ನಮ್ಮಲ್ಲಿ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ.

ಈಗ ವಿಶೇಷದ ಮಾತು. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್, ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಅಂತ ಇಟ್ಟುಕೊಳ್ಳಿ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಹೆರಿಗೆ ಹೊತ್ತಿಗೆ ಮಗುವಿನ ಒಂದಿಷ್ಟು ಕೆಂಪು ಕಣ ತಾಯಿಯ ರಕ್ತಕ್ಕೆ ಸೇರುತ್ತವೆ. ತಾಯಿಯ ದೇಹ ಅದನ್ನು ಹೊರಗಿನದು ಅಂತ ತಿಳಿದು ಪ್ರತಿಕಾಯ, ಅಂದರೆ ಅದನ್ನು ಎದುರಿಸುವ ವಸ್ತು, ತಯಾರಿಸಿಕೊಳ್ಳುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ, ಆ ಪ್ರತಿಕಾಯ ಕರುಳಬಳ್ಳಿಯ ದಾರಿಯಲ್ಲಿ ಹೋಗಿ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ಮಗುವಿಗೆ ರಕ್ತಹೀನತೆ, ವಿಪರೀತ ಕಾಮಾಲೆ, ಮಿದುಳಿಗೆ ಪೆಟ್ಟು, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. 'ಮೊದಲನೆಯದು ಉಳಿಯಿತು, ಆಮೇಲೆ ಒಂದೂ ನಿಲ್ಲಲಿಲ್ಲ' ಅಂತ ಹಳೆಯ ಕಾಲದವರು ಹೇಳುತ್ತಿದ್ದ ಮನೆಗಳಲ್ಲಿ ಕೆಲವಕ್ಕೆ ಇದೇ ಕಾರಣ ಇದ್ದಿರಬಹುದು. ಯಾರ ಶಾಪವೂ ಅಲ್ಲ.

ಇದನ್ನು ತಡೆಯುವ ದಾರಿ 1960ರ ದಶಕದಲ್ಲಿ ಸಿಕ್ಕಿತು. ಅಮೆರಿಕದ ನ್ಯೂಯಾರ್ಕ್, ಇಂಗ್ಲೆಂಡಿನ ಲಿವರ್‌ಪೂಲ್, ಎರಡೂ ಕಡೆ ವೈದ್ಯರು ಬೇರೆ ಬೇರೆಯಾಗಿ ಕಂಡುಕೊಂಡರು. ಬೇರೆಯವರ ಪ್ಲಾಸ್ಮಾದಿಂದ ತೆಗೆದ ಅದೇ ಪ್ರತಿಕಾಯವನ್ನು, ಅಂದರೆ ಆಂಟಿ-ಡಿಯನ್ನು, ತಾಯಿಗೆ ಸ್ವಲ್ಪ ಮುಂಚೆಯೇ ಕೊಟ್ಟುಬಿಡುವುದು. ಅದು ಮಗುವಿನ ಕಣಗಳನ್ನು ಬೇಗ ತೆಗೆದುಹಾಕುತ್ತದೆ. ತಾಯಿಯ ದೇಹಕ್ಕೆ ಸ್ವಂತ ಪ್ರತಿಕಾಯ ಮಾಡಿಕೊಳ್ಳುವ ಪ್ರಸಂಗವೇ ಬರುವುದಿಲ್ಲ.

ಹ್ಯಾರಿಸನ್ ಪ್ಲಾಸ್ಮಾದಲ್ಲಿ ಈ ಪ್ರತಿಕಾಯ ತುಂಬಾ ಜಾಸ್ತಿ ಇತ್ತು. ಅವರು ನೆಗೆಟಿವ್. 14ನೇ ವಯಸ್ಸಲ್ಲಿ ಅವರಿಗೆ ಕೊಟ್ಟ ರಕ್ತದಲ್ಲಿ ಪಾಸಿಟಿವ್ ಇದ್ದು, ಅದರಿಂದಲೇ ಇದು ಬಂದಿರಬಹುದು ಅಂತ ವೈದ್ಯರ ಅಂದಾಜು.

ಹೊಸಅಮ್ಮ

ಇದನ್ನು ಓದಿ ಕೈ ನಡುಗಿತು. ನಾನು ಬಿ ನೆಗೆಟಿವ್, ಯಜಮಾನರು ಪಾಸಿಟಿವ್. 28ನೇ ವಾರದಲ್ಲಿ ಒಂದು ಇಂಜೆಕ್ಷನ್ ಆಯಿತು, ಹೆರಿಗೆ ಆದ ಮೇಲೆ ಇನ್ನೊಂದು. ಬಿಲ್ಲಿನಲ್ಲಿ ಅದರ ಬೆಲೆ ನೋಡಿ ಅತ್ತೆ ಇದೇನು ಇಷ್ಟೊಂದು ಅಂದಿದ್ದರು. ಅದು ಇನ್ನೊಬ್ಬ ಮನುಷ್ಯನ ಮೈಯಿಂದ ಬಂದದ್ದು ಅಂತ ಯಾರೂ ಹೇಳಲಿಲ್ಲ. ಔಷಧಿ ಕಾರ್ಖಾನೆಯಲ್ಲಿ ಮಾಡುತ್ತಾರೆ ಅಂದುಕೊಂಡಿದ್ದೆ. ಹಾಗಾದರೆ ನನ್ನದು ಹ್ಯಾರಿಸನ್ ಅವರದ್ದಾ?

ಲ್ಯಾಬಿನವಳು

ಇಲ್ಲ, ಅವರದ್ದು ಆಸ್ಟ್ರೇಲಿಯಾದ ತಾಯಂದಿರಿಗೆ. ನಮ್ಮ ದೇಶದಲ್ಲಿ ಎರಡು ಥರ ಸಿಗುತ್ತದೆ. ಒಂದು ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದು, ಇನ್ನೊಂದು ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಿ ಮಾಡಿದ್ದು. ನಿಮಗೆ ಯಾವುದು ಕೊಟ್ಟರು ಅನ್ನುವುದು ಆ ಡಬ್ಬಿಯ ಮೇಲೆ ಇರುತ್ತದೆ. ಮೊದಲನೆಯದಾದರೆ ನಿಮ್ಮ ಮಗುವಿನ ಹಿಂದೆಯೂ ಯಾರೋ ಹೆಸರಿಲ್ಲದ ದಾನಿ ಇದ್ದಾರೆ.

ಸಿಡ್ನಿಯಿಂದ

ನಾನು ಹಾಸನದ ಕಡೆಯವನು, ಈಗ ಸಿಡ್ನಿಯಲ್ಲಿದ್ದೇನೆ. ಇಲ್ಲಿ ಪ್ಲಾಸ್ಮಾ ಕೊಡುತ್ತಿರುತ್ತೇನೆ. ಶುರುವಾದದ್ದು ಒಂದು ಕಾರಣಕ್ಕೆ. ಊರಿಗೆ ಹೋಗಿ ಬಂದವರು ಮಲೇರಿಯಾ ಇರುವ ದೇಶದಿಂದ ಬಂದವರು ಅಂತ ಒಂದಷ್ಟು ತಿಂಗಳು ಇಡೀ ರಕ್ತ ಕೊಡುವ ಹಾಗಿಲ್ಲ. ಆದರೆ ಪ್ಲಾಸ್ಮಾ ಕೊಡಬಹುದು. ನನ್ನಂತೆ ಪದೇ ಪದೇ ಊರಿಗೆ ಹೋಗುವ ಕನ್ನಡಿಗರಿಗೆ ಇದು ಗೊತ್ತಿರಲಿ. ದುಡ್ಡು ಕೊಡುವುದಿಲ್ಲ. ಬಿಸ್ಕೆಟ್, ಜ್ಯೂಸ್ ಕೊಡುತ್ತಾರೆ. ಆಮೇಲೆ ಮೊಬೈಲಿಗೆ ಮೆಸೇಜ್ ಬರುತ್ತದೆ.

ಅಲ್ಲಿನ ನರ್ಸ್‌ಗಳು ಹ್ಯಾರಿಸನ್ ಹೆಸರನ್ನು ಮನೆಯ ಹಿರಿಯರ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ಲ್ಯಾಬಿನವಳು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. 1960ರ ದಶಕದಲ್ಲಿ ಹ್ಯಾರಿಸನ್ ಅವರನ್ನು ಕರೆದು ಕೇಳಿದಾಗ ಇದು ಬರೀ ಪ್ಲಾಸ್ಮಾ ಕೊಡುವ ಮಾತಾಗಿರಲಿಲ್ಲ. ಪ್ರತಿಕಾಯ ಹೆಚ್ಚಾಗಲಿ ಅಂತ ಪಾಸಿಟಿವ್ ರಕ್ತವನ್ನು ಸ್ವಲ್ಪ ಅವರ ಮೈಗೇ ಚುಚ್ಚಬೇಕಿತ್ತು. ಹೊಸ ಯೋಜನೆ, ಮುಂದೆ ಏನಾಗುತ್ತದೋ ಹೇಳಲಾಗದು. ಅವರ ಜೀವಕ್ಕೆ ಹತ್ತು ಲಕ್ಷ ಡಾಲರ್ ವಿಮೆ ಮಾಡಿಸಿದರು. ಅವರು ಒಪ್ಪಿದರು. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು ಇದ್ದವರು. ಈ ಭಾಗ ಸುದ್ದಿಗಳಲ್ಲಿ ಎಲ್ಲೋ ಕೊನೆಯ ಸಾಲಿನಲ್ಲಿ ಬರುತ್ತದೆ. ನನಗೆ ಇದೇ ಮೊದಲು ಬರಬೇಕು ಅನ್ನಿಸುತ್ತದೆ.

1967ರಲ್ಲಿ ಸಿಡ್ನಿಯ ರಾಯಲ್ ಪ್ರಿನ್ಸ್ ಆಲ್ಫ್ರೆಡ್ ಆಸ್ಪತ್ರೆಯಲ್ಲಿ ಆಂಟಿ-ಡಿಯ ಮೊದಲ ಡೋಸ್ ಕೊಟ್ಟರು. ಅದಕ್ಕೂ ಮೊದಲು ಈ ದೇಶದಲ್ಲಿ ಪ್ರತಿ ವರ್ಷ ಸಾವಿರಾರು ಮಕ್ಕಳು ಸಾಯುತ್ತಿದ್ದವು. ಅಲ್ಲಿಂದ ಇಲ್ಲಿಯವರೆಗೆ ಕೊಟ್ಟ ಡೋಸ್ 30 ಲಕ್ಷದ ಆಸುಪಾಸು.

ಬಯಲುಸೀಮೆ

ಹಾಗಾದರೆ 24 ಲಕ್ಷ ಜೀವ ಅನ್ನುವುದಕ್ಕಿಂತ, 24 ಲಕ್ಷ ಮಕ್ಕಳ ತಾಯಂದಿರಿಗೆ ಡೋಸ್ ಸಿಕ್ಕಿತು ಅನ್ನುವುದು ಸರಿ ಅಲ್ವಾ? ಡೋಸ್ ಸಿಗದಿದ್ದರೆ ಅಷ್ಟೂ ಮಕ್ಕಳು ಸಾಯುತ್ತಿರಲಿಲ್ಲ. ಮೊದಲ ಮಗುವಿಗೆ ಅಪಾಯ ಕಡಿಮೆ ಅಂತ ನೀವೇ ಹೇಳಿದಿರಿ.

ಲ್ಯಾಬಿನವಳು

ಸರಿಯಾಗಿ ಹಿಡಿದಿರಿ. ಅದು ಡೋಸ್‌ಗಳಿಂದ ಲೆಕ್ಕ ಹಾಕಿದ ಅಂದಾಜು. ಡೋಸ್ ಪಡೆದ ಪ್ರತಿ ತಾಯಿಯ ಮಗು ಸಾಯುತ್ತಿತ್ತು ಅಂತಲ್ಲ. ಜೊತೆಗೆ ಎಲ್ಲ ಪ್ಲಾಸ್ಮಾ ಅವರೊಬ್ಬರದ್ದೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಈಗಲೂ ಆಂಟಿ-ಡಿ ದಾನಿಗಳು ಇನ್ನೂರರ ಆಸುಪಾಸು ಇದ್ದಾರೆ. ವರ್ಷಕ್ಕೆ 45,000 ತಾಯಿ-ಮಕ್ಕಳಿಗೆ ಅವರಿಂದ ಉಪಕಾರ. ಆದರೆ ಹ್ಯಾರಿಸನ್ ದಾನ ಮಾಡುತ್ತಿದ್ದ ಕಾಲದಲ್ಲಿ ಅಲ್ಲಿ ತಯಾರಾದ ಪ್ರತಿ ಬ್ಯಾಚ್‌ನಲ್ಲೂ ಅವರ ರಕ್ತದ ಪಾಲು ಇತ್ತು ಅಂತ ಅಲ್ಲಿನ ರಕ್ತ ಸೇವೆಯವರೇ ಹೇಳಿದ್ದಾರೆ. ನಾನು ಶಿಬಿರಗಳಲ್ಲಿ ಮಾತಾಡುವಾಗ 24 ಲಕ್ಷದ ಮಾತು ಬಿಟ್ಟು, 45,000 ಮತ್ತು ಇನ್ನೂರು ದಾನಿಗಳ ಲೆಕ್ಕ ಹೇಳುತ್ತೇನೆ. ಅದನ್ನು ಕೇಳಿದರೆ, ಇವರ ಸಾಲಿನಲ್ಲಿ ನಾನೂ ನಿಲ್ಲಬಹುದು ಅಂತ ಎದುರಿಗಿರುವವನಿಗೆ ಅನ್ನಿಸುತ್ತದೆ.

ಮಲ್ಲಿಗೆಪುರ

ನಾನು ಬೇರೆ ದಿಕ್ಕಿನಿಂದ ಒಂದು ಮಾತು ಹೇಳಲೇ? ಸ್ವಯಂಸೇವಕರನ್ನು ಹೊಗಳುವಾಗ ಮನೆಯವರನ್ನು ನಾವು ಮರೆಯುತ್ತೇವೆ. ನನ್ನ ಅಪ್ಪ ತಾಲ್ಲೂಕಿನಲ್ಲಿ ರಕ್ತದಾನ ಶಿಬಿರ ನಡೆಸುತ್ತಿದ್ದರು. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತಿತ್ತು. ಎದ್ದು ಹೋಗುತ್ತಿದ್ದರು. ಬಾಗಿಲು ಹಾಕಿಕೊಳ್ಳುತ್ತಿದ್ದವಳು ಅಮ್ಮ. ಬೆಳಿಗ್ಗೆ ನಮ್ಮನ್ನು ಶಾಲೆಗೆ ಕಳಿಸಿ, ಅಂಗಡಿ ಬಾಗಿಲು ತೆಗೆದು ಕೂರುತ್ತಿದ್ದವಳೂ ಅಮ್ಮ. ಸನ್ಮಾನದ ಶಾಲು ಅಪ್ಪನಿಗೆ. ಅಪ್ಪನ ಮೇಲೆ ದೂರಿಲ್ಲ, ತುಂಬಾ ಪ್ರೀತಿ ಇದೆ. ಆದರೆ ಊರಿಗೆ ಉಪಕಾರಿ ಅನ್ನಿಸಿಕೊಂಡ ಎಷ್ಟೋ ಜನ ಮನೆಯಲ್ಲಿ ಇಲ್ಲದವರ ಹಾಗೆ ಇರುತ್ತಾರೆ. ಹ್ಯಾರಿಸನ್ ಹೇಗಿದ್ದರು?

ತುಂಗಾತೀರ

ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಈ ಚರ್ಚೆ ಶುರು ಮಾಡಲು ಅದೂ ಒಂದು ಕಾರಣ.

ಅವರ ಹೆಂಡತಿಯೂ ರಕ್ತದಾನಿ. ಅಂದರೆ ಒಬ್ಬರು ಕೊಡುವುದು, ಇನ್ನೊಬ್ಬರು ಮನೆ ಕಾಯುವುದು ಅಂತ ಇರಲಿಲ್ಲ. ಆಕೆ ತೀರಿಕೊಂಡ ಮೇಲೆ, ಬದುಕಿನ ಅತಿ ಕಷ್ಟದ ದಿನಗಳಲ್ಲೂ ಅವರು ಕೊಡುವುದನ್ನು ಬಿಡಲಿಲ್ಲ. ಇನ್ನು ಮಗಳು. ಅವರೂ ನೆಗೆಟಿವ್, ಅವರಿಗೂ ಆಂಟಿ-ಡಿ ಬೇಕಾಯಿತು. ಅಪ್ಪ ಯಾರಿಗೋ ಅಂತ ವರ್ಷಗಟ್ಟಲೆ ಕೊಟ್ಟದ್ದು ಮಗಳ ಬಸುರಿನಲ್ಲಿ ಮನೆಗೇ ಬಂತು. ಆಮೇಲೆ ಮೊಮ್ಮಗನ ಹೆಂಡತಿಗೂ ಅದೇ ಇಂಜೆಕ್ಷನ್. ಅಪ್ಪ ತೀರಿಕೊಂಡಾಗ ಮಗಳು ಹೇಳಿದ್ದರ ಸಾರಾಂಶ ಇಷ್ಟು: ಅಪ್ಪ ಕೊಡದೇ ಇದ್ದಿದ್ದರೆ ನಮ್ಮ ಈ ಕುಟುಂಬವೇ ಇರುತ್ತಿರಲಿಲ್ಲವೇನೋ. ತಾನು ಕೊಟ್ಟದ್ದರಿಂದ ಉಂಟಾದ ಇಂಥ ಎಷ್ಟೋ ಕುಟುಂಬಗಳ ಸುದ್ದಿ ಕೇಳುವುದು ಅಪ್ಪನಿಗೆ ಖುಷಿ ಕೊಡುತ್ತಿತ್ತು ಅಂತಲೂ ಹೇಳಿದರು.

ಮನೆ, ಸೇವೆ ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಡುವ ನಮ್ಮ ಅಭ್ಯಾಸ ಇವರ ವಿಷಯದಲ್ಲಿ ನಡೆಯುವುದಿಲ್ಲ.

ಸಿಡ್ನಿಯಿಂದ

ಮಲ್ಲಿಗೆಪುರ ಅವರ ಮಾತಿಗೆ ಇನ್ನೊಂದು. ಈ ಸೇವೆಯ ಸ್ವರೂಪವೇ ಹಾಗೆ, ಮನೆಯನ್ನು ಬಿಟ್ಟು ಓಡಬೇಕಾಗಿಲ್ಲ. ದಿನ ಮೊದಲೇ ಗೊತ್ತು, ಗಂಟೆ ಗೊತ್ತು, ಹೋಗಿ ಸಂಜೆಯೊಳಗೆ ಬರಬಹುದು. ಹಾಗಾಗಿಯೇ 60 ವರ್ಷ ದಾಟಿ ನಡೆಯಿತು ಅಂತ ನನಗನ್ನಿಸುತ್ತದೆ. ನಾವು ತ್ಯಾಗ, ಬಲಿದಾನ ಅಂತ ದೊಡ್ಡ ಮಾತು ಜೋಡಿಸಿ ಜನರನ್ನು ಹೆದರಿಸುತ್ತೇವೆ. ನೋವಿಲ್ಲ, ಖರ್ಚಿಲ್ಲ ಅಂತಲೇ ಅವರು ಹೇಳುತ್ತಿದ್ದರು. ನೀವು ಉಳಿಸುವ ಜೀವ ನಿಮ್ಮದೇ ಆಗಬಹುದು ಅನ್ನುವುದೂ ಅವರ ಮಾತು.

ಬಯಲುಸೀಮೆ

ಅವರಿಗೆ ಪ್ರಶಸ್ತಿ ಏನಾದರೂ ಬಂತಾ?

ತುಂಗಾತೀರ

1999ರಲ್ಲಿ ಮೆಡಲ್ ಆಫ್ ದಿ ಆರ್ಡರ್ ಆಫ್ ಆಸ್ಟ್ರೇಲಿಯಾ. 2005ರಿಂದ, ಅತಿ ಹೆಚ್ಚು ಪ್ಲಾಸ್ಮಾ ಕೊಟ್ಟ ವಿಶ್ವದಾಖಲೆ ಅವರ ಹೆಸರಲ್ಲಿತ್ತು. 2022ರಲ್ಲಿ ಅಮೆರಿಕದ ಒಬ್ಬರು ಅದನ್ನು ಮುರಿದರು.

ಕರಾವಳಿಹುಡುಗ

ನಾನು 40 ಸಲ ದಾಟಿದ ದಾನಿ. ಎಲ್ಲರಿಗೂ ಒಂದು ಕೋರಿಕೆ. ನಮ್ಮಲ್ಲಿ ರಕ್ತದಾನ ಅಂದರೆ ಈಗಲೂ ಜಾಸ್ತಿ ನಡೆಯುವುದು ಎರಡು ರೀತಿ. ಹುಟ್ಟುಹಬ್ಬಕ್ಕೋ ಜಯಂತಿಗೋ ದೊಡ್ಡ ಶಿಬಿರ ಒಂದು. ಇನ್ನೊಂದು, ಸಂಬಂಧಿಕರು ಆಸ್ಪತ್ರೆಯಲ್ಲಿ ಮಲಗಿದಾಗ ಓಡಾಟ. ಶಿಬಿರದ ದಿನ ಬ್ಯಾಗ್ ತುಂಬಿ ತುಳುಕುತ್ತವೆ. ಕೆಂಪು ಕಣ ಇಟ್ಟುಕೊಳ್ಳಲು ಆಗುವುದು 42 ದಿನ ಅಂದರೆ ಹೆಚ್ಚು. ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ ಬಿದ್ದ ಕೂಡಲೇ ಎಲ್ಲ ಕಡೆ ಖಾಲಿ. ಮಳೆಗಾಲ ಬಂದರೆ ಡೆಂಗೀ, ಪ್ಲೇಟ್‌ಲೆಟ್‌ಗೆ ಹಾಹಾಕಾರ. ಒಮ್ಮೆ ಒಂದು ಆಸ್ಪತ್ರೆಯ ಬಾಗಿಲಲ್ಲಿ, ಮಗುವಿಗೆ ರಕ್ತ ಬೇಕು ಅಂತ ಅಪ್ಪ ಒಬ್ಬರು ಬಂದವರನ್ನೆಲ್ಲ ಕೇಳುತ್ತಿದ್ದರು. ಕಾರಣ ಕೇಳಿದರೆ, ಬದಲಿ ದಾನಿ ತಂದರೆ ಮಾತ್ರ ಕೊಡುತ್ತೇವೆ ಅಂದಿದ್ದರಂತೆ. ಗುರುತಿಲ್ಲದ ಊರಲ್ಲಿ ಆ ಮನುಷ್ಯ ಯಾರನ್ನು ತರಬೇಕು?

ಹ್ಯಾರಿಸನ್ ಥರದ ದಾನಿಗಳು, ಅಂದರೆ ಯಾರೂ ಕರೆಯದಿದ್ದರೂ ದಿನ ಬಂದಾಗ ಹೋಗುವವರು, ಒಂದು ಜಿಲ್ಲೆಗೆ ಒಂದಷ್ಟು ಜನ ಇದ್ದರೆ ಈ ಅಪ್ಪಂದಿರು ಹೀಗೆ ನಿಲ್ಲಬೇಕಾಗಿಲ್ಲ. ವರ್ಷಕ್ಕೊಂದು ಶಿಬಿರದಲ್ಲಿ ಐನೂರು ಜನ ಕೊಡುವುದಕ್ಕಿಂತ, ಅದೇ ಐನೂರು ಜನ ವರ್ಷವಿಡೀ ಹಂಚಿಕೊಂಡು ಕೊಟ್ಟರೆ ಎಷ್ಟು ಉಪಯೋಗ ನೋಡಿ.

ಲ್ಯಾಬಿನವಳು

ನೂರಕ್ಕೆ ನೂರು ಒಪ್ಪುತ್ತೇನೆ. ದುಡ್ಡಿಗೆ ರಕ್ತ ಮಾರುವುದನ್ನು ಸುಪ್ರೀಂ ಕೋರ್ಟ್ 1996ರ ತೀರ್ಪಿನಲ್ಲಿ ನಿಲ್ಲಿಸಲು ಹೇಳಿತು, 1998ರ ಜನವರಿಯಿಂದ ಅದು ನಿಷೇಧ. ಆಗ ಖಾಲಿಯಾದ ಜಾಗ ಸ್ವಯಂಪ್ರೇರಿತ ದಾನಿಗಳಿಂದ ತುಂಬಬೇಕಿತ್ತು. ಬಹಳಷ್ಟು ಸುಧಾರಿಸಿದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಥರದವರು ತಲಸ್ಸೇಮಿಯಾ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ) ಇರುವ ಮಕ್ಕಳಿಗೆ, ಬಾಂಬೆ ಗುಂಪಿನಂಥ ಅಪರೂಪದ ರಕ್ತ ಬೇಕಾದವರಿಗೆ ಮಾಡುತ್ತಿರುವ ಕೆಲಸ ನೋಡಿದರೆ ಧೈರ್ಯ ಬರುತ್ತದೆ. ತಲಸ್ಸೇಮಿಯಾ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಜೀವನಪೂರ್ತಿ. ಒಬ್ಬ ಮಗುವಿಗೆ ಒಬ್ಬ ಹ್ಯಾರಿಸನ್ ಸಾಲುವುದಿಲ್ಲ, ಹತ್ತಾರು ಜನ ಬೇಕು.

ಯಾರು ಕೊಡಬಹುದು ಅಂತ ಕೇಳುವವರಿಗೆ: 18ರಿಂದ 65 ವರ್ಷ, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಉಳಿದದ್ದನ್ನು ಅಲ್ಲೇ ಪರೀಕ್ಷೆ ಮಾಡಿ ಹೇಳುತ್ತಾರೆ. ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಆಸೆಯಿಂದ ಬಂದು ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಹೋಗುತ್ತಾರೆ. ಅವರಿಗೆ ಬೇಜಾರಾಗಬೇಡಿ, ಮೊದಲು ನಿಮ್ಮ ರಕ್ತಹೀನತೆ ನೋಡಿಕೊಳ್ಳಿ ಅಂತ ಹೇಳುತ್ತೇನೆ.

ಹೊಸಅಮ್ಮ

ನಾನು ನೆಗೆಟಿವ್ ಇದ್ದೇನೆ, ಮಗುವಿಗೆ ಹಾಲು ಬಿಡಿಸಿದ ಮೇಲೆ ಖಂಡಿತ ಕೊಡುತ್ತೇನೆ. ಇದು ಬರೀ ಮಾತಲ್ಲ, ಯಜಮಾನರಿಗೂ ಹೇಳಿದ್ದೇನೆ.

ಒಂದು ಸಂದೇಹ ಇದೆ, ಕೇಳಲಾ? ನನ್ನ ತಂಗಿಯೂ ನೆಗೆಟಿವ್. ಹೋದ ವರ್ಷ ಎರಡೂವರೆ ತಿಂಗಳಿಗೆ ಗರ್ಭಪಾತ ಆಯಿತು. ಅವಳಿಗೆ ಯಾವ ಇಂಜೆಕ್ಷನ್ನೂ ಕೊಡಲಿಲ್ಲ. ಹೆರಿಗೆ ಆಗದಿದ್ದರೆ ಬೇಕಿಲ್ಲ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಈಗ ಮತ್ತೆ ಬಸುರಿ. ತುಂಬಾ ಭಯ ಆಗುತ್ತಿದೆ.

ಸಿಡ್ನಿಯಿಂದ

ಲ್ಯಾಬಿನವಳು ಬರುವ ಮುಂಚೆ ಒಂದು ಮಾತು. ಹೆದರಬೇಡಿ. ಇಲ್ಲಿಯೂ ಇಂಥ ತಾಯಂದಿರು ಇದ್ದಾರೆ, ಆರೈಕೆ ಇದೆ. ಹ್ಯಾರಿಸನ್ ಮತ್ತು ಬೇರೆ ದಾನಿಗಳ ರಕ್ತ ಇಟ್ಟುಕೊಂಡು, ಆ ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ಬೆಳೆಸುವ ಕೆಲಸವನ್ನು ಮೆಲ್ಬರ್ನ್‌ನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯವರು ಇಲ್ಲಿನ ರಕ್ತ ಸೇವೆಯ ಜೊತೆ ಮಾಡುತ್ತಿದ್ದಾರೆ. ಆ ಯೋಜನೆಗೆ ಅವರದ್ದೇ ಹೆಸರು ಇಟ್ಟಿದ್ದಾರೆ, 'ಜೇಮ್ಸ್ ಇನ್ ಎ ಜಾರ್' ಅಂತ. ದಾನಿಗಳು ಸಿಗದ ದೇಶಗಳಿಗೂ ಅದು ಮುಂದೆ ತಲುಪಲಿ ಅನ್ನುವುದು ಆಸೆ.

ಲ್ಯಾಬಿನವಳು

ತಂಗಿಗೆ ಧೈರ್ಯ ಹೇಳಿ. ಆದರೆ ನಾಳೆಯೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಗರ್ಭಪಾತದ ವಿಷಯ, ಇಂಜೆಕ್ಷನ್ ಆಗಿಲ್ಲ ಅನ್ನುವ ವಿಷಯ ಎರಡನ್ನೂ ಬಾಯಿಬಿಟ್ಟು ಹೇಳಿ. ಗರ್ಭಪಾತ ಆದಾಗ, ಗರ್ಭ ಕೊಳವೆಯಲ್ಲಿ ನಿಂತಾಗ, ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಆಂಟಿ-ಡಿ ಬೇಕೇ ಅಂತ ಕೇಳಲೇಬೇಕು. 72 ಗಂಟೆಯ ಒಳಗೆ ಕೊಡುವುದು ಒಳ್ಳೆಯದು. ನಮ್ಮ ದೇಶದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಸುಮಾರು ಐದು ಜನ. ಕಡಿಮೆ ಜನ ಅನ್ನುವ ಕಾರಣಕ್ಕೇ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ.

ಈಗ ಮಾಡಬೇಕಾದದ್ದು ಇನ್‌ಡೈರೆಕ್ಟ್ ಕೂಂಬ್ಸ್ ಅನ್ನುವ ರಕ್ತ ಪರೀಕ್ಷೆ. ಅವಳ ಮೈಯಲ್ಲಿ ಪ್ರತಿಕಾಯ ಆಗಲೇ ಆಗಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಆಗಿಲ್ಲ ಅಂದರೆ, ಹಾಗಿರುವ ಸಾಧ್ಯತೆಯೇ ಜಾಸ್ತಿ, ಈ ಸಲ ನಿಮಗೆ ಕೊಟ್ಟ ಹಾಗೆ 28ನೇ ವಾರಕ್ಕೆ ಕೊಡುತ್ತಾರೆ. ಆಗಿಬಿಟ್ಟಿದ್ದರೆ ಆಂಟಿ-ಡಿ ಕೆಲಸ ಮಾಡುವುದಿಲ್ಲ. ಆಗ ಮಗುವನ್ನು ಸ್ಕ್ಯಾನ್‌ನಲ್ಲಿ ಹತ್ತಿರದಿಂದ ನೋಡುತ್ತಿರುತ್ತಾರೆ. ರಕ್ತಹೀನತೆ ಜೋರಾದರೆ ಹೊಟ್ಟೆಯೊಳಗಿರುವ ಮಗುವಿಗೇ ರಕ್ತ ಕೊಡುವ ವಿಧಾನ ಇದೆ. ನ್ಯೂಜಿಲೆಂಡಿನ ವಿಲಿಯಂ ಲೈಲಿ 1963ರಲ್ಲಿ ಮೊದಲು ಮಾಡಿ ತೋರಿಸಿದರು, ಈಗ ನಮ್ಮ ದೊಡ್ಡ ಊರುಗಳಲ್ಲೂ ಮಾಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಒ ನೆಗೆಟಿವ್, ಅದೂ ಹೊಸದಾಗಿ ಕೊಟ್ಟದ್ದು.

ಪರೀಕ್ಷೆ ಆದ ಮೇಲೆ ಫಲಿತಾಂಶ ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಬರೆಯಿರಿ. ಮತ್ತೆ ಈ ಗುಂಪಿನಲ್ಲಿ ಒ ನೆಗೆಟಿವ್ ಇರುವವರು ಯಾರಾದರೂ ಇದ್ದರೆ, ನಿಮ್ಮ ಜಿಲ್ಲೆಯ ಬ್ಲಡ್ ಬ್ಯಾಂಕಿನಲ್ಲಿ ಹೆಸರು ಬರೆಸಿ.

ಕರಾವಳಿಹುಡುಗ

ನಾನು ಒ ನೆಗೆಟಿವ್. ಮಂಗಳೂರಿನಲ್ಲಿ ಹೆಸರು ಇದೆ. ಕೊನೆಯ ಸಲ ಕೊಟ್ಟು 90 ದಿನ ದಾಟಿದೆ, ಯಾವಾಗ ಕರೆದರೂ ಬರುತ್ತೇನೆ.